ಎರಡು ವರ್ಷ ನಿಂತಿತ್ತಲ್ಲ, ಏನು ಮುಳುಗಿತು?

ಕಾರಹುಣ್ಣಿಮೆ ಸಮೀಪಿಸಿತೆಂದರೆ ರಾಯಚೂರಿನ ವಿದ್ಯಾವಂತರ ಬಾಯಲ್ಲಿ ಒಂದು ಮಾತು ಪ್ರತಿವರ್ಷವೂ ತಪ್ಪದೆ ಬರುತ್ತದೆ. ರಾಜೇಂದ್ರ ಗಂಜಿನ ಕಡೆ ಜನ ನೆರೆಯತೊಡಗಿ, ಆಂಧ್ರ ತೆಲಂಗಾಣಗಳ ಎತ್ತುಗಳು ಲಾರಿಯಿಂದಿಳಿದು, ಬಂಡೆಗಲ್ಲಿಗೆ ಸರಪಳಿ ಬಿಗಿಯುವ ಹೊತ್ತಿಗೆ ಈ ಮಹನೀಯರು ಚಹದ ಲೋಟ ಕೆಳಗಿಟ್ಟು ಕೇಳುತ್ತಾರೆ: “2020ರಲ್ಲಿ ಇದು ನಡೆಯಲಿಲ್ಲ, 2021ರಲ್ಲೂ ನಡೆಯಲಿಲ್ಲ. ಎರಡು ವರ್ಷ ನಿಂತಿತ್ತಲ್ಲ, ಏನು ಮುಳುಗಿತು? ಹಾಗೆಯೇ ಬಿಟ್ಟುಬಿಡಬಹುದಿತ್ತು.” ಕೇಳುವವರು ಉತ್ತರವನ್ನು ನಿರೀಕ್ಷಿಸಿ ಕೇಳುವುದಿಲ್ಲವೆಂಬುದು ನನಗೆ ಗೊತ್ತು. ಆದರೂ ಪ್ರಶ್ನೆ ಕೇಳಿಯಾಗಿದೆ. ಏನು ಮುಳುಗಿತೆಂಬುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ.

ಬೆಂಗಳೂರು ಮೈಸೂರುಗಳ ಓದುಗರಿಗಾಗಿ ಮೊದಲು ನಾಲ್ಕು ಮಾತು. ಜ್ಯೇಷ್ಠಮಾಸದ ಹುಣ್ಣಿಮೆಯೇ ಕಾರಹುಣ್ಣಿಮೆ. ಮುಂಗಾರಿನ ದುಡಿತ ಎದುರಿಗಿರುವಾಗ ಎತ್ತಿಗೆ ಸಲ್ಲುವ ಒಂದು ದಿನದ ಮರ್ಯಾದೆ ಅದು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಅಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ, ಗೆಜ್ಜೆಸರ ಹಾಕಿ, ಸಂಜೆಗೆ ಅಗಸಿಯ ಮುಂದೆ ಕರಿ ಹರಿಯುತ್ತಾರೆ. ಬಿಳಿಯ ಎತ್ತು ಮುಂದಾದರೆ ಜೋಳದಂಥ ಬಿಳಿಯ ಬೆಳೆ ಚೆನ್ನಾಗಿ ಬರುತ್ತದೆ, ಕೆಂದೆತ್ತು ಮುಂದಾದರೆ ಕೆಂಪು ಬೆಳೆ ಎಂದು ನಂಬಿಕೆ. ಹವಾಮಾನ ಇಲಾಖೆಯವರು ಇದಕ್ಕೆ ನಗಬಹುದು. ಅವರ ಮುನ್ಸೂಚನೆ ಕೇಳಿ ನಮ್ಮ ರೈತರೂ ಒಮ್ಮೊಮ್ಮೆ ನಗುವುದುಂಟು. ಇದು ಹಳ್ಳಿಯ ಮಾತಾಯಿತು. ಪಟ್ಟಣದಲ್ಲಿ ಮುನ್ನೂರುಕಾಪು ಸಮಾಜದವರು ಮುಂಗಾರು ಸಾಂಸ್ಕೃತಿಕ ಹಬ್ಬವೆಂಬ ಹೆಸರಿನಿಂದ ನಡೆಸಿಕೊಂಡು ಬಂದಿರುವ ಉತ್ಸವದಲ್ಲಿ ಭಾರದ ಕಲ್ಲು ಎಳೆಯುವ ಪಂದ್ಯವೇ ಮುಖ್ಯ. ಒಂದೂವರೆ ಟನ್ನು, ಎರಡು ಟನ್ನು, ಎರಡೂವರೆ ಟನ್ನಿನ ಕಲ್ಲುಗಳು; ಗೊತ್ತಾದ ಅವಧಿಯೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆದೀತೋ ಅದಕ್ಕೆ ಬಹುಮಾನ.

ಪಂದ್ಯವನ್ನು ನಿಲ್ಲಿಸಿದ್ದು ತಪ್ಪೆಂದು ನಾನು ವಾದಿಸುತ್ತಿಲ್ಲ. 2020ರ ಮೇ ತಿಂಗಳ ಮೊದಲಲ್ಲಿ ನಮ್ಮ ಜಿಲ್ಲೆ ಹಸಿರು ವಲಯದ ಪಟ್ಟಿಯಲ್ಲಿತ್ತು. ಗುಳೆ ಹೋದವರು ಮಹಾರಾಷ್ಟ್ರದಿಂದ ಮರಳತೊಡಗಿದ ಮೇಲೆ ದೇವದುರ್ಗ ತಾಲ್ಲೂಕಿನ ಹೆಸರು ದಿನದಿನದ ವರದಿಯಲ್ಲಿ ಬರಲಾರಂಭಿಸಿತು. ಆ ವರ್ಷ ಕಾರಹುಣ್ಣಿಮೆ ಬಿದ್ದದ್ದು ಜೂನ್ 5ರಂದು. ಅಂಥ ದಿನಗಳಲ್ಲಿ ಸಾವಿರಾರು ಜನರನ್ನು ಒಂದು ಬಯಲಿನಲ್ಲಿ ಸೇರಿಸುವುದು ಯಾವ ಬುದ್ಧಿವಂತನೂ ಒಪ್ಪುವ ಮಾತಲ್ಲ. 2021ರ ಜೂನ್ 24ರ ಹುಣ್ಣಿಮೆಗೆ ಎರಡನೆಯ ಅಲೆಯ ಬೂದಿ ಇನ್ನೂ ಆರಿರಲಿಲ್ಲ. ನನ್ನ ತಕರಾರು ನಿಲ್ಲಿಸಿದ ರೀತಿಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ನಿಂತದ್ದನ್ನು ಕಂಡು ‘ಏನೂ ಆಗಲಿಲ್ಲ’ ಎಂದು ತೀರ್ಮಾನಿಸಿದ ನಮ್ಮ ನಾಗರಿಕತೆಯ ಮೇಲೆ.

ಅದೇ ವರ್ಷ ಯುರೋಪಿನಲ್ಲೂ ಒಂದು ಪಂದ್ಯಸರಣಿ ನಿಂತಿತು. ರ‍್ಯಾಲಿಕ್ರಾಸ್ ಎಂದು ಅದರ ಹೆಸರು. ಅರ್ಧ ಡಾಂಬರು, ಅರ್ಧ ಮಣ್ಣಿನ ಚಿಕ್ಕ ಸುತ್ತುದಾರಿಯಲ್ಲಿ ಮೋಟಾರು ಕಾರುಗಳನ್ನು ಒಂದರ ಮೈಗೊಂದು ತಾಗುವಂತೆ ಓಡಿಸುವ ಆಟ. ಏಪ್ರಿಲ್ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಆರಂಭವಾಗಬೇಕಾಗಿದ್ದ ವಿಶ್ವಸರಣಿ ಆಗಸ್ಟ್ 22ರಂದು ಸ್ವೀಡನ್ನಿನ ಹೋಲ್ಯೆಸ್ ಎಂಬ ಊರಿನಲ್ಲಿ ಆರಂಭವಾಯಿತು. ಒಂದೊಂದು ಊರಿನಲ್ಲಿ ಎರಡೆರಡು ಸುತ್ತು ಮುಗಿಸಿದರು: ಸ್ವೀಡನ್, ಫಿನ್‌ಲೆಂಡ್, ಲಾಟ್ವಿಯಾ, ಕೊನೆಗೆ ಅಕ್ಟೋಬರಿನಲ್ಲಿ ಬಾರ್ಸಿಲೋನಾ. ಬೆಲ್ಜಿಯಂ ಮತ್ತು ಜರ್ಮನಿಯ ಸುತ್ತುಗಳು ರದ್ದಾದವು. ಆದರೂ ಎಂಟು ಸುತ್ತುಗಳ ಲೆಕ್ಕ ಕೂಡಿತು, ಕ್ರಿಸ್ಟೋಫರ್‌ಸನ್ ಎಂಬ ಸ್ವೀಡನ್ನಿನವನು ಚಾಂಪಿಯನ್ ಆದ. ಶಿಸ್ತಿನ ಕೆಲಸ, ಮೆಚ್ಚಬೇಕಾದ್ದೇ. ‘ನೋಡಿ, ಅವರು ಹೇಗೆ ಹೊಂದಿಸಿಕೊಂಡರು’ ಎಂದು ನಮ್ಮ ಮಹನೀಯರು ತಲೆದೂಗಬಹುದು. ಆದರೆ ಹೊಂದಿಸಿಕೊಳ್ಳಲು ಅವರಿಗೆ ಸಾಧ್ಯವಾದದ್ದರಲ್ಲಿ ಒಂದು ಸಣ್ಣ ಸಂಗತಿಯ ಪಾಲೂ ಇದೆ: ಕಾರು ಮೇವು ತಿನ್ನುವುದಿಲ್ಲ. ಏಪ್ರಿಲಿನಲ್ಲಿ ಶೆಡ್ಡಿಗೆ ತಳ್ಳಿದ ಕಾರು ಆಗಸ್ಟಿನಲ್ಲೂ ಅದೇ ಕಾರು.

ಈ ಆಟಕ್ಕೂ ದನಗಳಿಗೂ ಒಂದು ಹಳೆಯ ನಂಟುಂಟು. ರ‍್ಯಾಲಿಕ್ರಾಸ್ ಹುಟ್ಟಿದ 1967ರಲ್ಲಿಯೇ ಇಂಗ್ಲೆಂಡಿನ ಪ್ರಸಿದ್ಧ ಆರ್.ಎ.ಸಿ. ರ‍್ಯಾಲಿ, ಹೊರಡುವ ಹೊಸ್ತಿಲಲ್ಲಿ ರದ್ದಾಯಿತು. ಕಾರಣ ಕಾಲುಬಾಯಿ ಜ್ವರ! ಕಾರುಗಳು ಹಳ್ಳಿಗಾಡಿನಲ್ಲಿ ಓಡಾಡಿದರೆ ದನಗಳಿಗೆ ರೋಗ ಹರಡೀತೆಂದು ಅಲ್ಲಿ ಕಾರುಗಳನ್ನು ನಿಲ್ಲಿಸಿದರು. ದನದ ರೋಗಕ್ಕೆ ಕಾರು ನಿಂತರೆ ಕಾರಿಗೇನೂ ಆಗುವುದಿಲ್ಲ. ಮನುಷ್ಯನ ರೋಗಕ್ಕೆ ಎತ್ತು ನಿಂತರೆ ಏನಾಗುತ್ತದೆ?

ಮಾನ್ವಿ ಕಡೆಯ ರೈತರೊಬ್ಬರು ನನಗೆ ಹೇಳಿದ್ದಿಷ್ಟು: “ಗಾಡಿಗೆ ಕೀಲಿ ಹಾಕಿ ಬರಬಹುದ್ರಿ ಸರ, ಎತ್ತಿಗೆ ಕೀಲಿ ಹಾಕಾಕ ಬರ್ತದೇನ್ರಿ?” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಪಂದ್ಯದ ಎತ್ತಿಗೆ ಬರಿಯ ಜೋಳದ ಕಣಿಕೆ ಸಾಲದು. ಹತ್ತಿಕಾಳು, ಶೇಂಗಾ ಹಿಂಡಿ, ಹುರುಳಿ ಬೇಕು, ದಿನವೂ ತಪ್ಪದ ತಾಲೀಮು ಬೇಕು. ಇದನ್ನೆಲ್ಲ ನಿಲ್ಲಿಸಿದರೆ ಎತ್ತು ಸೊರಗುತ್ತದೆ. ಇನ್ನು ವಯಸ್ಸು. ನಾಲ್ಕೈದು ವರ್ಷಕ್ಕೆ ಬಾಯಿಗೂಡುವ ಎತ್ತಿಗೆ ಭಾರ ಎಳೆಯುವ ನಿಜವಾದ ಕಸುವು ಇರುವುದು ಅಲ್ಲಿಂದಾಚೆ ನಾಲ್ಕಾರು ವರ್ಷ ಮಾತ್ರ. ಅದರಲ್ಲಿ ಎರಡು ವರ್ಷ ಹೋದರೆ ಮೂರರಲ್ಲೊಂದು ಪಾಲು, ಕೆಲವಕ್ಕೆ ಅರ್ಧ ಆಯುಷ್ಯವೇ ಹೋದಂತೆ. ಅದನ್ನು ಮುಂದೂಡಿ ಆಗಸ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ. 2022ರ ಜೂನಿನಲ್ಲಿ ಗಂಜಿನ ಬಯಲಿಗೆ ಹಬ್ಬವೇನೋ ಮರಳಿತು; 2019ರಲ್ಲಿ ನಾಲ್ಕು ಹಲ್ಲಿನವಾಗಿದ್ದ ಹೋರಿಗಳು ಅಷ್ಟರಲ್ಲಿ ಬಾಯಿಗೂಡಿ, ಬಯಲನ್ನೇ ಕಾಣದೆ, ಅರ್ಧ ಹರೆಯ ಕಳೆದಿದ್ದವು.

ಸಾಕಲಾಗದಿದ್ದರೆ ಮಾರಬಹುದಿತ್ತಲ್ಲ ಎನ್ನುವಿರಾ? ಮಾರುವುದು ಎಲ್ಲಿ? ಮನುಷ್ಯರ ಸಂತೆಯ ಜೊತೆಗೆ ದನದ ಸಂತೆಯೂ ಮುಚ್ಚಿತ್ತು. ಸಂತೆ ತೆರೆಯುವ ಹೊತ್ತಿಗೆ, 2021ರ ಜನವರಿಯಲ್ಲಿ, ಸುಗ್ರೀವಾಜ್ಞೆಯಿಂದ ಹೊಸ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಬಂತು. 1964ರ ಹಳೆಯ ಕಾಯ್ದೆಯಲ್ಲಿ ಹನ್ನೆರಡು ವರ್ಷ ಮೀರಿದ ಎತ್ತಿಗಿದ್ದ ದಾರಿ ಮುಚ್ಚಿತು. ಆ ಕಾನೂನು ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಜನ ಇದ್ದಾರೆ. ನಾನು ಕೇಳುವುದು ಇಷ್ಟೇ: ಎತ್ತನ್ನು ಪೂಜ್ಯವೆಂದು ಕಾನೂನು ಮಾಡಿದ ಮೇಲೆ ಆ ಪೂಜ್ಯ ಪ್ರಾಣಿಯ ಹೊಟ್ಟೆಗೆ ಯಾರು ಹೊಣೆ? 2020ರ ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಯ ಪರಿಹಾರ ಸಾರಿತು. ಹೂ ಬೆಳೆದವರಿಗೆ ಹೆಕ್ಟೇರಿಗೆ 25,000, ಅಗಸರಿಗೆ, ಕ್ಷೌರಿಕರಿಗೆ, ಆಟೋ ಟ್ಯಾಕ್ಸಿ ಚಾಲಕರಿಗೆ ತಲಾ 5,000. ಕೊಟ್ಟದ್ದು ಸರಿ, ಸಾಲದಾಯಿತೆನ್ನಬೇಕು. ಆಟೋ ಇದ್ದವನ ಕಷ್ಟ ಕಂಡವರಿಗೆ ಎತ್ತು ಇದ್ದವನ ಕಷ್ಟ ಕಾಣಲಿಲ್ಲ. ಹಬ್ಬವನ್ನು ನಿಲ್ಲಿಸುವಾಗ ನಾವು ಜಾತ್ರೆಯ ಗದ್ದಲವನ್ನಷ್ಟೇ ನಿಲ್ಲಿಸುತ್ತಿದ್ದೇವೆಂದು ತಿಳಿದೆವು. ಒಂದು ಜೀವನೋಪಾಯದ ಕೊಂಡಿ ಕಳಚುತ್ತಿದೆಯೆಂದು ಯಾರೂ ಎಣಿಸಲಿಲ್ಲ.

‘ಟ್ರ್ಯಾಕ್ಟರು ಬಂದಿದೆಯಲ್ಲ, ಎತ್ತೇ ಯಾಕೆ ಬೇಕು?’ ಎಂಬುದು ಮುಂದಿನ ಪ್ರಶ್ನೆ. ತುಂಗಭದ್ರೆಯ ಕಾಲುವೆ ಹರಿದ ಮಾನ್ವಿಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರೇ ರಾಜ, ಒಪ್ಪಿದೆ. ಆದರೆ ಎರೆಹೊಲದಲ್ಲಿ ಹತ್ತಿಯೋ ತೊಗರಿಯೋ ಮೊಣಕಾಲೆತ್ತರ ಬೆಳೆದು ನಿಂತ ಮೇಲೆ ಸಾಲಿನ ನಡುವೆ ಎಡೆ ಹೊಡೆಯಲು ಅಷ್ಟು ದೊಡ್ಡ ಯಂತ್ರ ಇಳಿಯುವುದು ಹೇಗೆ? ಅಲ್ಲಿ ಇಂದಿಗೂ ಬೇಕಾಗುವುದು ಜೋಡೆತ್ತು. ದೇವದುರ್ಗದ ಒಣಬೇಸಾಯದ ಸಣ್ಣ ರೈತನಿಗೆ ಸ್ವಂತ ಎತ್ತಿಲ್ಲದಿದ್ದರೆ ಬಾಡಿಗೆ ಎತ್ತಾದರೂ ಬೇಕು. ದೇಶದಲ್ಲಿ 2012ರಲ್ಲಿ ಸುಮಾರು 6.8 ಕೋಟಿ ಇದ್ದ ಗಂಡು ದನಗಳು 2019ರ ಜಾನುವಾರು ಗಣತಿಯ ಹೊತ್ತಿಗೆ 4.7 ಕೋಟಿಗೆ ಇಳಿದಿದ್ದವು. ಎರೆಭೂಮಿಗೆಂದೇ ರೂಪುಗೊಂಡ ನಮ್ಮ ಕೃಷ್ಣಾ ತೀರದ ತಳಿ ಇಂದು ಹುಡುಕಿ ನೋಡಬೇಕಾದ ಸ್ಥಿತಿಯಲ್ಲಿದೆ. ಹೀಗಿರುವಾಗ ಒಳ್ಳೆಯ ಹೋರಿಕರುವನ್ನು ಸಾಕಿ ಬೆಳೆಸಲು ರೈತನಿಗೆ ಉಳಿದಿರುವ ಆಸೆ ಯಾವುದು? ಈ ಬಯಲು, ಈ ಕಲ್ಲು, ಈ ಮೂರು ದಿನದ ಹೆಸರು. ಪಂದ್ಯದಲ್ಲಿ ಗೆದ್ದ ಜೋಡಿಯ ಬೆಲೆ ಕಂಡೇ ನೆರೆಯವನು ತನ್ನ ಕರುವನ್ನು ಮಾರದೆ ಉಳಿಸಿಕೊಳ್ಳುತ್ತಾನೆ. ಅದರಿಂದಲೇ ಎಡೆ ಹೊಡೆಯುವ ಎತ್ತೂ ಉಳಿಯುತ್ತದೆ ಎಂಬುದು ನನ್ನ ವಾದ.

ಹಿಂಸೆಯ ಮಾತನ್ನು ಮರೆಸಿ ಮುಂದೆ ಹೋಗುವವನು ನಾನಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಓಟಗಳನ್ನು ನಿಷೇಧಿಸಿದಾಗ ಅದಕ್ಕೆ ಕಾರಣಗಳಿದ್ದವು. ಅನಂತರ ನಮ್ಮ ರಾಜ್ಯ ಕಂಬಳಕ್ಕೂ ಎತ್ತಿನ ಓಟಕ್ಕೂ ಅವಕಾಶವಾಗುವಂತೆ ಕಾಯ್ದೆ ತಿದ್ದಿಕೊಂಡಿತು. ಆ ತಿದ್ದುಪಡಿಯನ್ನು 2023ರ ಮೇ 18ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠ ಎತ್ತಿಹಿಡಿಯಿತು. ಇದನ್ನು ಬಾರುಕೋಲಿಗೆ ಸಿಕ್ಕ ಪರವಾನಗಿಯೆಂದು ಭಾವಿಸುವವರು ನಮ್ಮಲ್ಲಿದ್ದಾರೆ. ಬಾಲ ತಿರುಚಿ, ಬೆನ್ನು ಸುಲಿಯುವಂತೆ ಬಾರಿಸಿ ಗೆದ್ದವನಿಗೆ ಬಹುಮಾನ ಕೊಡುವ ಸಮಿತಿ ಯಾವುದೇ ಇರಲಿ, ಅದು ಎತ್ತಿನ ಶತ್ರು. ಪಂದ್ಯದ ಶತ್ರುವೂ ಹೌದು. ಆದರೆ ಹೊಡೆತವನ್ನು ನಿಲ್ಲಿಸುವುದು ಬೇರೆ, ಎತ್ತನ್ನೇ ಅಳಿಸಿಬಿಡುವುದು ಬೇರೆ. ಪಂದ್ಯ ನಿಂತ ಆ ಎರಡು ವರ್ಷ ಎತ್ತು ಸುಖವಾಗಿತ್ತೆಂದು ಭಾವಿಸುವ ದಯಾಳುಗಳು ಖಾಲಿ ಗೋದಲಿಯ ಮುಂದೆ ಒಂದು ದಿನ ನಿಂತು ನೋಡಬೇಕಾಗಿತ್ತು.

ಪಟ್ಟಣದ ಕಣ್ಣು ಯಾವಾಗ ತೆರೆಯುತ್ತದೆಂಬುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ತರುಣ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕೋಣಗಳ ಹಿಂದೆ ಓಡಿದ. ಯಾರೋ ಭಾಗಿಸಿ ನೋಡಿ ಉಸೇನ್ ಬೋಲ್ಟನ ಹೆಸರು ತಂದರು. ದೆಹಲಿಯ ಕ್ರೀಡಾಮಂತ್ರಿಗಳವರೆಗೆ ಸುದ್ದಿ ಹೋಯಿತು. ಹೊಗಳಿಕೆಯೆಲ್ಲ ಗೌಡನಿಗೆ. ಅವನನ್ನು ಎಳೆದುಕೊಂಡು ಓಡಿದ ಕೋಣಗಳು ಏನು ತಿಂದವು, ಮುಂದಿನ ತಿಂಗಳು ದೇಶವೇ ಬಾಗಿಲು ಹಾಕಿಕೊಂಡಾಗ ಅವನ್ನು ಯಾರು ಸಾಕಿದರು ಎಂದು ಕೇಳಿದವರನ್ನು ನಾನು ಕಾಣೆ.

ಕೊರೊನಾ ಕೊನೆಯ ರೋಗವಲ್ಲ. ಹಬ್ಬ ಮರಳಿದ 2022ರಲ್ಲಿಯೇ, ಮಳೆಗಾಲ ಕಳೆಯುವಷ್ಟರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದ ಹಲವು ಕಡೆ ದನದ ಸಂತೆ ಜಾತ್ರೆಗಳಿಗೆ ಮತ್ತೆ ತಡೆ ಬಿತ್ತು. ಇನ್ನೊಮ್ಮೆ ಇಂಥದು ಬಂದಾಗ ಪಂದ್ಯವನ್ನು ಧಾರಾಳವಾಗಿ ನಿಲ್ಲಿಸಲಿ. ಆದರೆ ಯಾವ ತಾಲ್ಲೂಕಿನಲ್ಲಿ ಎಷ್ಟು ಜೋಡಿಗಳಿವೆ, ಯಾರ ಮನೆಯಲ್ಲಿವೆ ಎಂಬ ಪಟ್ಟಿ ಪಶುಪಾಲನಾ ಇಲಾಖೆಯ ಕಪಾಟಿನಲ್ಲಿ ಮೊದಲೇ ಸಿದ್ಧವಿರಲಿ. ಪಂದ್ಯದ ಬಯಲಿನಲ್ಲಿ ಪಶುವೈದ್ಯರ ಮಾತೇ ಕೊನೆಯ ಮಾತಾಗಲಿ, ಬಾರುಕೋಲು ಹೊರಗೇ ಉಳಿಯಲಿ. ರದ್ದು ಮಾಡುವ ಆದೇಶ ಹೊರಡುವ ದಿನವೇ ಮಾನ್ವಿಗೊಂದು, ದೇವದುರ್ಗಕ್ಕೊಂದು ಮೇವಿನ ಬ್ಯಾಂಕು ತೆರೆಯಲಿ. ಬರ ಬಿದ್ದ ವರ್ಷಗಳಲ್ಲಿ ಇದನ್ನು ಮಾಡಿದ ಅನುಭವ ಸರ್ಕಾರಕ್ಕಿದೆ. ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.