ಮೈಬಣ್ಣವೂ ಸಮಾಜಧರ್ಮವೂ

ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಚರ್ಮವ್ಯಾಧಿಯ ಪರಿಹಾರವನ್ನು ಕೋರಿ ಜನರು ತಲೆತಲಾಂತರದಿಂದ ಬರುತ್ತಿರುವುದು ಸರ್ವವಿದಿತವಾದ ವಿಷಯವು. ಕಪಿಲೆಯಲ್ಲಿ ಮಿಂದು ಹರಕೆ ಸಲ್ಲಿಸುವವರಲ್ಲಿ ತೊನ್ನಿನವರುಂಟು, ಕುಷ್ಠದಿಂದ ಗುಣ ಹೊಂದಿದವರುಂಟು, ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆಗಳೆಲ್ಲವೂ ಬೆಳ್ಳಗಿರುವವರೂ ಉಂಟು. ಈ ಮೂವರನ್ನೂ ದೇವರು ಸಮನಾದ ಕರುಣೆಯಿಂದ ಕಾಣುವನೆಂದು ನಾವು ನಂಬಿರುವೆವು. ಆದರೆ ನಾವು ಕಾಣುವುದು ಸಮನಾದ ತಿರಸ್ಕಾರದಿಂದ. ಇದು ಭಕ್ತಿಯ ಲಕ್ಷಣವಲ್ಲ, ಕೇವಲ ಅಜ್ಞಾನದ ಲಕ್ಷಣವು.

ಈ ಅಜ್ಞಾನಕ್ಕೆ ನಮ್ಮ ಮಾತೇ ಆಸರೆಯಾಗಿದೆ. ತೊನ್ನಿಗೆ ‘ಶ್ವೇತಕುಷ್ಠ’ವೆಂದು ಹೆಸರಿಟ್ಟು, ಅಂಟದ ಬಿಳುಪನ್ನು ಅಂಟುವ ರೋಗದ ಸಾಲಿಗೆ ಸೇರಿಸಿದೆವು. ಕುಷ್ಠವಾದರೋ ಸೂಕ್ಷ್ಮಜೀವಿಯಿಂದ ಬಂದು ಔಷಧದಿಂದ ಗುಣವಾಗತಕ್ಕುದು. ಹುಟ್ಟುಬಿಳುಪು ಇವೆರಡೂ ಅಲ್ಲ. ಚರ್ಮಕ್ಕೂ ಕಣ್ಣಿಗೂ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯವು ದೇಹದಲ್ಲಿ ಸಾಕಷ್ಟು ಹುಟ್ಟದಿರುವುದೇ ಅದರ ಕಾರಣವು. ಸಾಮಾನ್ಯವಾಗಿ ತಂದೆ ತಾಯಿಗಳಿಬ್ಬರಿಂದಲೂ ಆ ವಂಶಗುಣವು ಬಂದಾಗಲೇ ಮಗುವು ಹೀಗೆ ಜನಿಸುವುದು. ಅಂಥ ದಂಪತಿಗಳಿಗೆ ಪ್ರತಿ ಹೆರಿಗೆಯಲ್ಲಿಯೂ 4ರಲ್ಲಿ 1 ಪಾಲು ಸಂಭವವುಂಟು. ಹೀಗಿರಲು ಹೆತ್ತವಳೊಬ್ಬಳ ಮೇಲೆಯೇ ಅಪವಾದ ಹೊರಿಸುವುದು, ಗ್ರಹಣದ ದಿನ ಏನು ಮಾಡಿದೆಯೆಂದು ಕೆದಕುವುದು, ಅವಳ ಶೀಲವನ್ನೇ ಶಂಕಿಸುವುದು ಎಂಥ ಅನ್ಯಾಯವು! ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯ ವಾಡಿಕೆಯಿಂದ ಈ ಸಂಭವವು ಹೆಚ್ಚುವುದೆಂಬುದನ್ನು ಮಾತ್ರ ಹಿರಿಯರು ಯೋಚಿಸಬೇಕು.

ಟಾಂಜಾನಿಯಾ, ಮಲಾವಿ ಮುಂತಾದ ದೇಶಗಳಲ್ಲಿ ಮಾಟಗಾರರ ಮಾತು ಕೇಳಿ ಇಂಥವರನ್ನು ಕೊಂದು ಅಂಗಗಳನ್ನು ಮಾರಿದ ಘೋರಕೃತ್ಯಗಳು ನಡೆದಿವೆ. ಸಂಯುಕ್ತ ರಾಷ್ಟ್ರಸಂಸ್ಥೆಯು 2014ರಲ್ಲಿ ಜೂನ್ 13ನೆಯ ದಿನವನ್ನು ಇವರ ವಿಷಯದ ತಿಳಿವಳಿಕೆಗೆಂದು ಮೀಸಲಿಟ್ಟಿತು. ಅದು ದೂರದೇಶದ ಅನಾಗರಿಕತೆಯೆಂದು ನಾವು ಮೂಗು ಮುರಿಯುವಂತಿಲ್ಲ. ನಿಧಿಯಾಸೆಯ ವಾಮಾಚಾರವನ್ನೂ ನರಬಲಿಯನ್ನೂ ತಡೆಯಲು ಕರ್ನಾಟಕವೇ 2017ರಲ್ಲಿ ಶಾಸನ ಮಾಡಬೇಕಾಯಿತು. ನಮ್ಮಲ್ಲಿ ಇವರ ಮೇಲೆ ಕತ್ತಿಯೆತ್ತುವವರು ವಿರಳವಿರಬಹುದು; ಶಾಲೆಯಲ್ಲಿ ಅಡ್ಡಹೆಸರು, ಶುಭಕಾರ್ಯದಲ್ಲಿ ಅಪಶಕುನದ ಪಿಸುಮಾತು, ಮದುವೆಯ ಮಾತಿನಲ್ಲಿ ಒಡಹುಟ್ಟಿದವರಿಗೂ ಕಳಂಕ, ಇವು ದಿನದಿನವೂ ಇರಿಯುವ ಇರಿತಗಳಲ್ಲವೆ?

ಇವರಿಗೆ ಬೇಕಾದುದು ಕನಿಕರವಲ್ಲ, ಅನುಕೂಲವು. ಇವರ ಕಣ್ಣು ಬೆಳಕನ್ನು ತಾಳದು; ದೃಷ್ಟಿಯೂ ಮಂದ, ಕನ್ನಡಕದಿಂದ ಪೂರ್ತಿ ಸರಿಯಾಗದು. ಬಿಸಿಲು ಚರ್ಮವನ್ನು ಸುಡುವುದಲ್ಲದೆ ಅರ್ಬುದಕ್ಕೂ ದಾರಿಮಾಡುವುದು. ಕಬ್ಬು ಭತ್ತಗಳ ಗದ್ದೆಯ ಕೂಲಿಯೇ ಜೀವನವಾಗಿರುವ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಬಡವರ ಮನೆಯ ಇಂಥ ಮಗುವಿಗೆ ವಿದ್ಯೆಯೊಂದೇ ನೆರಳು. ಆದುದರಿಂದ ಉಪಾಧ್ಯಾಯರು ಅದನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ, ದಪ್ಪಕ್ಷರದ ಪಾಠವನ್ನು ಒದಗಿಸಲಿ, ಬಿಸಿಲಿನ ಕವಾಯತಿನಿಂದ ಬಿಡಲಿ. 2016ರ ಅಂಗವಿಕಲರ ಹಕ್ಕುಗಳ ಶಾಸನದ 21 ವಿಧಗಳಲ್ಲಿ ಹುಟ್ಟುಬಿಳುಪಿನ ಹೆಸರಿಲ್ಲದಿದ್ದರೂ ಮಂದದೃಷ್ಟಿಯ ಹೆಸರಿದೆ. ಮಾಂದ್ಯವು ಶೇಕಡ 40 ಮುಟ್ಟಿದವರಿಗೆ ಸರ್ಕಾರಿ ಉದ್ಯೋಗದ ಮೀಸಲಾತಿಯಲ್ಲಿ ಪಾಲೂ ಇದೆ. ಅಂಗವಿಕಲರನ್ನು ಹತ್ತು ಜನರೆದುರು ಬೇಕೆಂದೇ ಹೀಯಾಳಿಸುವವರಿಗೆ ಅದೇ ಶಾಸನದಲ್ಲಿ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸವುಂಟು. ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ’ವೆಂದು ಯಾರನ್ನೂ ಹಿಂದಕ್ಕೆ ಕಳುಹಿಸದೆ, ಕಣ್ಣನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಅಧಿಕಾರಿಗಳ ಕರ್ತವ್ಯವು.

1927ರಲ್ಲಿ ಇದೇ ತಾಲ್ಲೂಕಿನ ಬದನವಾಳಿಗೆ ಬಂದಿದ್ದ ಮಹಾತ್ಮರು, ಮುಂದೆ ಸೇವಾಗ್ರಾಮದಲ್ಲಿ ಪರಚುರೆ ಶಾಸ್ತ್ರಿಗಳ ಕುಷ್ಠವ್ರಣಗಳನ್ನು ಸ್ವಹಸ್ತದಿಂದ ತೊಳೆದರು. ಅಂಟುವ ರೋಗಕ್ಕೇ ಅವರು ಅಂಜಲಿಲ್ಲ. ಅಂಟದ ಬಿಳುಪಿಗೆ ನಾವು ಅಂಜಿ ದೂರ ಸರಿಯುವೆವು. ನಂಜುಂಡು ಕೊರಳು ನೀಲಿಯಾದವನನ್ನು ಆ ಬಣ್ಣಕ್ಕಾಗಿಯೇ ಕೊಂಡಾಡುವ ಊರಿನಲ್ಲಿ, ಬಣ್ಣ ಬೇರೆಯಾಯಿತೆಂದು ಒಂದು ಮಗುವು ಬಾಗಿಲ ಮರೆಯಲ್ಲಿ ಬೆಳೆಯಬೇಕಾದರೆ, ನಮ್ಮ ಪೂಜೆಗೆ ಅರ್ಥವೇನು? ಮಹಾಜನರು ಯೋಚಿಸಲಿ.