ಮೋಟರ್‌ಗೆ ಫೋನ್ ಹಚ್ಚು

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಈಗ ಬರೆಯೋಕೆ ಕಾರಣ ಒಂದು ಎಸ್ಸೆಮ್ಮೆಸ್ಸು.

ಹೋದ ಸಲ ಚಿಂಚೋಳಿಗೆ ಹೋದಾಗ ರಾತ್ರಿ ಹನ್ನೊಂದರ ಸುಮಾರಿಗೆ ಕಾಕಾನ ಮೊಬೈಲು ಕುಂಯ್ ಅಂತು. ನೋಡಿ ನನ್ನ ಕೈಗೆ ಕೊಟ್ಟರು. "ಯಾ ಭಾಷಾದಾಗ ಮಾತಾಡ್ಲತ್ತದೋ ತಮ್ಮಾ ಇದು?"

ಹೊಲದ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದಾರೆ. ಸಿಮ್ ಹಾಕಿದ ಡಬ್ಬಿ. ಮನೆಯಿಂದ ಫೋನ್ ಹಚ್ಚಿದರೆ ಮೋಟರ್ ಚಾಲೂ, ಇನ್ನೊಮ್ಮೆ ಹಚ್ಚಿದರೆ ಬಂದ್. ಅದು ಕಳಿಸಿದ ಸಂದೇಶ ಹೀಗಿತ್ತು: "ದೂರಸ್ಥ ಸಂಚಾಲನೆ ನಿಷ್ಕ್ರಿಯಗೊಂಡಿದೆ. ಪ್ರಾವಸ್ಥಾ ವೈಫಲ್ಯ."

ಎಂ.ಎ. ಮಾಡಿದ ನನಗೂ ತಿಳಿಯಲಿಲ್ಲ ಸ್ವಾಮಿ! ಇಬ್ಬರೂ ಬ್ಯಾಟರಿ ಹಿಡಿದು ಹೊಲಕ್ಕೆ ಹೋದೆವು. ಬದುವಿನ ಮೇಲೆ ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ ಹಾವು ಸರಿದು ತೊಗರಿ ಸಾಲಿನೊಳಗೆ ಹೋಯ್ತು. ಡಬ್ಬಿ ನೋಡಿದರೆ ಮೂರು ದೀಪದಲ್ಲಿ ಎರಡೇ ಉರಿಯುತ್ತಿವೆ. ಒಂದು ಫೇಸ್ ಹೋಗಿದೆ, ಅಷ್ಟೇ. ನಾವು ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. "ಒಂದು ಫೇಸ್ ಇಲ್ಲ, ಮೋಟರ್ ಚಾಲೂ ಆಗಲ್ಲ" ಅಂತ ಬರೆದಿದ್ದರೆ ಕಾಕಾ ಮಗ್ಗಲು ಬದಲಿಸಿ ಮಲಗುತ್ತಿದ್ದರು. ರಾತ್ರಿ ಹೊಲಕ್ಕೆ ಹೋಗೋದು ತಪ್ಪಲಿ ಅಂತಲೇ ದುಡ್ಡು ಕೊಟ್ಟು ತಂದ ಯಂತ್ರ, ತನ್ನ ಕನ್ನಡದಿಂದಲೇ ಅವರನ್ನು ಹೊಲಕ್ಕೆ ಎಬ್ಬಿಸಿತು!

ಅವತ್ತಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ದೂರ ಕೂತು ಯಂತ್ರ ನಡೆಸುವ ಇಂಗ್ಲಿಷ್ ಪದಗಳ ಹಿಂದೆ ಏನಿದೆ ನೋಡಿ. ಸ್ವಿಚ್ ಅಂದರೆ ಮೊದಲು ಕುದುರೆಗೆ ಹೊಡೆಯುವ ತೆಳು ಬೆತ್ತ. ಆಮೇಲೆ ರೈಲು ಹಳಿ ಬದಲಿಸುವ ಸಾಧನ, ಕಡೆಗೆ ಗೋಡೆಯ ಬಟನ್. ಡಯಲ್ ಮೂಲತಃ ಬಿಸಿಲು ಗಡಿಯಾರದ ಮುಖ. ಅಮೆರಿಕದಲ್ಲಿ ಟಿವಿ ರಿಮೋಟಿಗೆ ಕ್ಲಿಕ್ಕರ್ ಅನ್ನುತ್ತಿದ್ದರು, ಯಾಕಂದರೆ 1956ರಲ್ಲಿ ಝೆನಿತ್ ಕಂಪನಿ ತಂದ ರಿಮೋಟಿಗೆ ಸೆಲ್ಲೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಟಕ್ ಅಂತ ಹೊಡೆಯುತ್ತಿತ್ತು, ಕಿವಿಗೆ ಕೇಳದ ಆ ಸದ್ದನ್ನು ಟಿವಿ ಕೇಳಿಸಿಕೊಳ್ಳುತ್ತಿತ್ತು. ಎಲ್ಲವೂ ಕೈ, ಕಿವಿ, ಕಣ್ಣು ಕೊಟ್ಟ ಪದಗಳು. ನಿಕೊಲಾ ಟೆಸ್ಲಾ 1898ರಲ್ಲಿ ತಂತಿಯಿಲ್ಲದೆ ದೋಣಿ ಓಡಿಸಿ ತೋರಿಸಿ, ಇಂಥ ಯಂತ್ರಕ್ಕೆ ಟೆಲಾಟೊಮೇಟನ್ ಅಂತ ಗ್ರೀಕ್ ಹೆಸರಿಟ್ಟ. ಆ ಹೆಸರು ಈಗ ಯಾರ ಬಾಯಲ್ಲಿದೆ?

ನಮ್ಮಲ್ಲಿ ಇಂಥ ಪದಗಳಿಲ್ಲವಾ? ಚಿಂಚೋಳಿಗೆ ರೈಲಿಲ್ಲ, ಆದರೆ ಜಿಲ್ಲೆಯಲ್ಲೇ ವಾಡಿ ಇದೆ. ಮುಂಬಯಿ-ರಾಯಚೂರು ಹಳಿ 1871ರಲ್ಲಿ, ನಿಜಾಮರ ಸಿಕಂದರಾಬಾದ್ ಹಳಿ 1874ರಲ್ಲಿ. ಆಗಿನ ಸಿಗ್ನಲ್ಲು ಅಂದರೆ ಕಂಬಕ್ಕೊಂದು ಕೈ. ಕ್ಯಾಬಿನ್ನಿನಲ್ಲಿ ಲಿವರ್ ಎಳೆದರೆ ನೆಲದುದ್ದಕ್ಕೂ ಹೋದ ತಂತಿ ದೂರದ ಕಂಬದ ಕೈಯನ್ನು ಇಳಿಸುತ್ತಿತ್ತು. ಕೈ ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಿದ್ದರೆ ಹೋಗು. ಅದಕ್ಕೇ ನಮ್ಮ ಹಿರಿಯರು "ಸಿಗ್ನಲ್ ಬಿತ್ತು" ಅಂದರೆ ಗಾಡಿ ಬಂತು ಅಂತ ಗಂಟು ಮೂಟೆ ಎತ್ತುತ್ತಿದ್ದರು. ಈಗಿನ ಹುಡುಗರಿಗೆ ಸಿಗ್ನಲ್ ಬಿತ್ತು ಅಂದರೆ ಗಾಡಿ ನಿಲ್ಲಿಸು ಅಂತ! ಆ ಕಂಬಕ್ಕೆ ಕನ್ನಡದಲ್ಲಿ ಕೈಮರ ಅನ್ನುವ ಚಂದದ ಹೆಸರೂ ಇತ್ತು. ನನಗಂತೂ ಸೆಮಾಫೋರ್‌ಗಿಂತ ಅದೇ ಇಷ್ಟ.

ಇನ್ನು ಲೈನ್ ಕ್ಲಿಯರ್. ಮುಂದಿನ ಸ್ಟೇಷನ್ನಿನವರು ಹಳಿ ಖಾಲಿ ಇದೆ ಅಂತ ಒಪ್ಪಿಗೆ ಕೊಟ್ಟರೆ ಮಾತ್ರ ಈ ಕಡೆಯಿಂದ ಗಾಡಿ ಬಿಡುವ ಪದ್ಧತಿ. ಈಗ ಅಕ್ಕನ ಮದುವೆ ಆದರೆ ತಂಗಿಗೆ ಲೈನ್ ಕ್ಲಿಯರ್ :) ಯಾವ ಪರಿಭಾಷಾ ಸಮಿತಿಯೂ ಈ ಪದವನ್ನು ಕನ್ನಡಕ್ಕೆ ತರಲಿಲ್ಲ.

"ಹಾಗಾದ್ರೆ ಇಂಗ್ಲಿಷ್ ಪದಾನೇ ಇಟ್ಕೋಬೇಕಾ?" ಅಂತ ನಿಮ್ಮಲ್ಲಿ ಕೆಲವರು ಜಗಳಕ್ಕೆ ಬರುತ್ತೀರಿ, ಗೊತ್ತು. ವಾಡಿಯಿಂದ ಸೇಡಂ ಕಡೆ ಹೋಗುವಾಗ ಮಳಖೇಡ ರೋಡ್ ಅಂತ ಸ್ಟೇಷನ್ ಬರುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದು. ಆ ಆಸ್ಥಾನದ 9ನೇ ಶತಮಾನದ ಕವಿರಾಜಮಾರ್ಗ, ಹೊಂದಿಕೆ ನೋಡದೆ ಸಂಸ್ಕೃತ-ಕನ್ನಡ ಬೆಸೆಯುವುದನ್ನು ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿಟ್ಟದ್ದಕ್ಕೆ ಹೋಲಿಸಿತ್ತು. ಚಾಲೂ, ಬಂದ್ ಅನ್ನುವ ನಮ್ಮ ಕಡೆಯ ಕನ್ನಡ ಕೇಳಿದ್ದರೆ ಆ ಕವಿ ಏನನ್ನುತ್ತಿದ್ದನೋ! ಆದರೆ ನಮ್ಮ ಹಾಲು ಒಡೆದಿಲ್ಲ. "ಫೋನ್ ಹಚ್ಚು" ಅನ್ನುವುದರಲ್ಲಿ ದೀಪ ಹಚ್ಚುವ ಅದೇ ಹಚ್ಚು ಇದೆ. ದೂರಸ್ಥ ಸಂಚಾಲನೆಯಲ್ಲಿ ಇಂಗ್ಲಿಷ್ ಒಂದಕ್ಷರ ಇಲ್ಲ, ಆದರೂ ಅದು ನನಗೆ ಕನ್ನಡ ಅನ್ನಿಸುವುದಿಲ್ಲ.

ನನ್ನ ತಕರಾರು ಸಂಸ್ಕೃತದ ಮೇಲೂ ಅಲ್ಲ. ಬರೆಯುವವನು ಒಮ್ಮೆಯೂ ಮೋಟರ್ ಚಾಲೂ ಮಾಡಿದವನನ್ನು ಕೇಳಲಿಲ್ಲ ಅನ್ನೋದರ ಮೇಲೆ. ಕೈಮರದ ತಂತಿ ಹರಿದರೆ ಕೈ ತಾನಾಗಿ ಅಡ್ಡಕ್ಕೆ ಬರುವಂತೆ ಮಾಡಿದ್ದರು. ಕೆಟ್ಟಾಗಲೂ ಅದು ಹೇಳುತ್ತಿದ್ದದ್ದು ಒಂದೇ, ನಿಲ್ಲು. ಓದಲು ಬಾರದವನಿಗೂ ತಿಳಿಯುತ್ತಿತ್ತು.

ಬೆಳಿಗ್ಗೆ ಕಂಪನಿಯ ನಂಬರಿಗೆ ಫೋನ್ ಹಚ್ಚಿದೆ. ಸಂದೇಶ ಇಂಗ್ಲಿಷಿಗೆ ಬದಲಿಸಿಕೊಳ್ಳಿ ಅಂದರು. ಕಾಕಾ ಕಾಪಿ ಹಾಳೆಯಲ್ಲಿ ಎರಡು ಸಂಸ್ಕೃತ ಸಾಲು ನನ್ನಿಂದ ಬರೆಸಿಕೊಂಡು, ಎದುರಿಗೆ ತಾವೇ ಅರ್ಥ ಬರೆದು ಗೋಡೆಗೆ ಅಂಟಿಸಿದ್ದಾರೆ. ಮೊದಲನೆಯದರ ಮುಂದೆ: "ಫೇಸ್ ಹೋಗ್ಯಾದ, ಮಲ್ಕೊ."

ನಿಮ್ಮೂರಲ್ಲಿ ಈ ಡಬ್ಬಿಗೆ ಏನಂತಾರೆ? ಕಾಮೆಂಟಿನಲ್ಲಿ ಬರೀರಿ.