ಉಕ್ಕಿನ ಗುಂಡೋ, ಸೆರಾಮಿಕ್ ಗುಂಡೋ?

ಒಂದೇ ಕೆಲಸಕ್ಕೆ ಯೋಗ್ಯವಾದ ಎರಡು ವಸ್ತುಗಳು ದೊರೆಯುವಾಗ, ಬೆಲೆ ಹೆಚ್ಚಿನದೇ ಮೇಲಾದುದೆಂದು ತಿಳಿಯುವುದು ಲೋಕರೂಢಿ. ಈ ರೂಢಿಯನ್ನು ಪರೀಕ್ಷಿಸಲು ನಮ್ಮ ಬಜಪೆಯ ಮನೆಯೊಂದರಿಂದ ಬಂದ ಪ್ರಶ್ನೆಯು ಈ ತಿಂಗಳು ಒಳ್ಳೆಯ ಅವಕಾಶವನ್ನಿತ್ತಿದೆ. ಆ ಮನೆಯ ಹುಡುಗನು ಹೈಸ್ಕೂಲಿನ ವಿದ್ಯಾರ್ಥಿ. ಅವನಲ್ಲಿ ರೇಡಿಯೋ ಅಲೆಗಳಿಂದ ನಡೆಯುವ ಪಂದ್ಯದ ಚಿಕ್ಕ ಕಾರೊಂದು ಉಂಟು; ನಿಜವಾದ ಕಾರಿನ ಹತ್ತನೆಯ ಒಂದಂಶ ಪ್ರಮಾಣದ್ದು. ಅದರ ಡಿಫರೆನ್ಷಿಯಲ್ ಎಂಬ ಭಾಗವು ಕೆಟ್ಟು ಗರಗರ ಸದ್ದು ಮಾಡತೊಡಗಿದೆ. ಅದಕ್ಕೆ ಹೊಸ ಉಕ್ಕಿನ ಗುಂಡುಗಳನ್ನು ಹಾಕಬೇಕೇ, ಬೆಲೆಯಲ್ಲಿ ಹಲವು ಪಾಲು ಮಿಕ್ಕ ಸೆರಾಮಿಕ್ ಗುಂಡುಗಳನ್ನು ತರಿಸಬೇಕೇ ಎಂಬುದು ಪ್ರಶ್ನೆ. ಹುಡುಗನು ಹಬ್ಬ ಹಬ್ಬಕ್ಕೆ ಕೂಡಿಟ್ಟ ಹಣವೆಲ್ಲ ಎರಡನೆಯದಕ್ಕೆ ಸರಿಹೋಗುವುದು. ಆಟದ ಸಾಮಾನಿಗೆ ಇಷ್ಟು ವೆಚ್ಚವೇ ಎಂದು ತಂದೆಯು ಮುನಿದಿರುವರು. ಮಗನು ಮಾತು ಬಿಟ್ಟಿರುವನು. ನಡುವೆ ನಿಂತು ಪ್ರಶ್ನೆ ಕೇಳಿದವರು ತಾಯಿ. ಆದುದರಿಂದ ವಸ್ತುವು ಚಿಕ್ಕದಾದರೂ ಉತ್ತರವು ವಿಚಾರಪೂರ್ವಕವಾಗಿರತಕ್ಕದ್ದು.

ಮೊದಲು ಡಿಫರೆನ್ಷಿಯಲ್ ಎಂದರೇನೆಂಬುದನ್ನು ತಿಳಿಯುವ. ಎತ್ತಿನ ಗಾಡಿಯು ತಿರುವಿನಲ್ಲಿ ಹೊರಳುವುದನ್ನು ವಾಚಕರು ನೆನೆಯಲಿ. ಒಳಗಡೆಯ ಚಕ್ರವು ಕಿರಿದಾದ ವೃತ್ತದಲ್ಲಿಯೂ ಹೊರಗಡೆಯದು ಹಿರಿದಾದ ವೃತ್ತದಲ್ಲಿಯೂ ಹೋಗುವುವು. ಗಾಡಿಯ ಅಚ್ಚು ತಿರುಗುವುದಿಲ್ಲ. ಚಕ್ರಗಳು ಅದರ ಮೇಲೆ ಬೇರೆ ಬೇರೆಯಾಗಿ ತಿರುಗುವುದರಿಂದ ತೊಡಕಿಲ್ಲ. ಮೋಟಾರು ಗಾಡಿಯಲ್ಲಾದರೋ ಯಂತ್ರವು ಅಚ್ಚಿನ ಮೂಲಕವೇ ಚಕ್ರಗಳಿಗೆ ಬಲವನ್ನು ಕೊಡಬೇಕು. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದರೆ, ತಿರುವಿನಲ್ಲಿ ಒಂದು ಚಕ್ರವು ನೆಲಕ್ಕೆ ಉಜ್ಜಿ ಜಾರಲೇಬೇಕು. ಚಕ್ರಗಳ ನಡುವೆ 20 ಸೆಂಟಿಮೀಟರು ಅಂತರವಿದ್ದರೆ, ಅರ್ಧವೃತ್ತವನ್ನು ಸುತ್ತುವಷ್ಟರಲ್ಲಿ ಹೊರಗಿನ ಚಕ್ರವು ಸುಮಾರು 63 ಸೆಂಟಿಮೀಟರು ಹೆಚ್ಚು ದಾರಿ ನಡೆದಿರುವುದು. ತಿರುವು ಹಿರಿದಾಗಲಿ ಕಿರಿದಾಗಲಿ ಈ ಲೆಕ್ಕವು ಬದಲಾಗದು. ವೃತ್ತಪರಿಧಿಯ ಸೂತ್ರ ಬಲ್ಲ ಮಕ್ಕಳು ಸಾಧಿಸಿ ನೋಡಬಹುದು. ಬಲವನ್ನು ಎರಡಕ್ಕೂ ಹಂಚುತ್ತಲೇ ಈ ವೇಗಭೇದವನ್ನು ಸಹಿಸಿಕೊಳ್ಳುವ ಯುಕ್ತಿಗೆ ಡಿಫರೆನ್ಷಿಯಲ್ ಎಂದು ಹೆಸರು. ಫ್ರಾನ್ಸ್ ದೇಶದ ಒನೆಸಿಫೋರ್ ಪೆಕ್ಯೂರ್ ಎಂಬಾತನು 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಇದನ್ನು ಯೋಜಿಸಿದನು. ಮಂಗಳೂರಿನಿಂದ ಬಜಪೆಗೆ ಬರುವ ಪ್ರತಿಯೊಂದು ಬಸ್ಸಿನ ಹಿಂದಿನ ಅಚ್ಚಿನಲ್ಲಿಯೂ ಇದು ಇದೆ.

ಬಸ್ಸಿನಲ್ಲಿ ಈ ಕೆಲಸವನ್ನು ಹಲ್ಲುಚಕ್ರಗಳು ಮಾಡುವುವು. ಚಿಕ್ಕ ಕಾರುಗಳಲ್ಲಿ ಅನೇಕವು ಗುಂಡುಗಳಿಂದ ಮಾಡುವುವು. ಹಲ್ಲುಚಕ್ರವೊಂದರ ಮೈಯಲ್ಲಿ ಸುತ್ತಲೂ ತೂತುಗಳಿದ್ದು, ಒಂದೊಂದರಲ್ಲಿಯೂ ಒಂದೊಂದು ಗುಂಡು ಕುಳಿತಿರುವುದು. ಎರಡು ಪಕ್ಕಗಳಿಂದ ಎರಡು ಉಕ್ಕಿನ ಬಳೆಗಳು ಗುಂಡುಗಳನ್ನು ಒತ್ತಿರುವುವು. ಒಂದು ಬಳೆ ಎಡಚಕ್ರಕ್ಕೆ, ಇನ್ನೊಂದು ಬಲಚಕ್ರಕ್ಕೆ. ನೇರ ಓಟದಲ್ಲಿ ಎಲ್ಲವೂ ಕೂಡಿ ತಿರುಗುವುವು. ತಿರುವಿನಲ್ಲಿ ಗುಂಡುಗಳು ಉರುಳಿ ಬಳೆಗಳಿಗೆ ಭೇದವನ್ನು ಅನುಮತಿಸುವುವು. ನಡುವಿನ ಸ್ಕ್ರೂ ಮತ್ತು ಸ್ಪ್ರಿಂಗುಗಳಿಂದ ಒತ್ತಡವು ದೊರೆಯುವುದು. ಆ ಒತ್ತಡವನ್ನು ಹೊರಲು ಇನ್ನೂ ಸಣ್ಣ ಗುಂಡುಗಳ ಒಂದು ಬೇರಿಂಗು ಉಂಟು. ಅದನ್ನು ಒತ್ತುಬೇರಿಂಗು ಎನ್ನುವ. ಪ್ರಾಯಶಃ ಮೊದಲು ಕೆಡುವುದು ಇದೇ.

ಸೆರಾಮಿಕ್ ಎಂದೊಡನೆ ಪಿಂಗಾಣಿಯ ಬಟ್ಟಲು ನೆನಪಿಗೆ ಬಂದು, ಒಡೆದೀತೆಂಬ ಶಂಕೆ ಹುಟ್ಟುವುದು ಸಹಜ. ಸುಟ್ಟ ಮಣ್ಣಿನ ಗುಣವು ನಮ್ಮ ಸೀಮೆಗೆ ಹೊಸದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದಂದಿನಿಂದ, ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದ ಆವೆಮಣ್ಣು ಊರೂರಿನ ಮಾಡುಗಳ ಮೇಲೆ ಕುಳಿತಿದೆ. ಈ ಗುಂಡುಗಳಾದರೋ ಮಣ್ಣಿನವಲ್ಲ. ಸಿಲಿಕಾನ್ ಮತ್ತು ನೈಟ್ರೋಜನ್ ಎಂಬ ಎರಡು ಮೂಲವಸ್ತುಗಳ ಸಂಯೋಗದ ಪುಡಿಯನ್ನು ಒತ್ತಿ, ಸುಮಾರು 1,700 ಡಿಗ್ರಿ ಸೆಂಟಿಗ್ರೇಡು ಅಥವಾ ಅದಕ್ಕೂ ಮೇಲಾದ ತಾಪದಲ್ಲಿ ಬೇಯಿಸಿ, ತಿಕ್ಕಿ ನುಣುಪುಗೊಳಿಸಿದವು. ಅತಿವೇಗದಿಂದ ತಿರುಗುವ ಯಂತ್ರಗಳ ಬೇರಿಂಗುಗಳಲ್ಲಿಯೂ ಇವು ಸಲ್ಲುವುವು. ಆದುದರಿಂದ ಒಡೆಯುವ ಭಯವು ಇಲ್ಲಿ ಮುಖ್ಯವಲ್ಲ.

ಇವುಗಳ ಮೊದಲನೆಯ ಗುಣವೆಂದು ಮಾರುವವರು ಹೇಳುವುದು ಹಗುರತನ. ಉಕ್ಕಿನ ಸಾಂದ್ರತೆ ನೀರಿನ ಸುಮಾರು 7.8 ಪಾಲು, ಇದರದು 3.2 ಪಾಲು, ಮಾತು ಸತ್ಯವೇ. ಆದರೆ ತೂಗಿ ನೋಡುವ. 2.4 ಮಿಲಿಮೀಟರು ವ್ಯಾಸದ ಹನ್ನೆರಡು ಉಕ್ಕಿನ ಗುಂಡುಗಳ ತೂಕ ಮುಕ್ಕಾಲು ಗ್ರಾಮಿಗೂ ಕಡಮೆ. ಸೆರಾಮಿಕ್ ಹಾಕಿದರೆ ಉಳಿಯುವುದು ಅರ್ಧ ಗ್ರಾಮೂ ಅಲ್ಲ. ಕಾರಿನ ಒಟ್ಟು ತೂಕವು ಸುಮಾರು ಒಂದೂವರೆ ಕಿಲೋಗ್ರಾಮು. ಚಕ್ರಕ್ಕೆ ಅಂಟಿದ ಕೆಮ್ಮಣ್ಣು ಇದಕ್ಕಿಂತ ಹೆಚ್ಚು ತೂಗುವುದು.

ಎರಡನೆಯ ಗುಣವು ಕಾಠಿಣ್ಯ. ಇದು ನಿಜವಾದ ಗುಣ; ಬೇರಿಂಗಿನ ಉಕ್ಕಿಗಿಂತ ಸೆರಾಮಿಕ್ ಸುಮಾರು ಇಮ್ಮಡಿ ಕಠಿಣ. ಗುಂಡು ದುಂಡಾಗಿಯೇ ಬಹುಕಾಲ ಉಳಿಯುವುದು. ಆದರೆ ಗುಂಡಿಗೆ ಜೊತೆಗಾರನು ಯಾರು? ಉಕ್ಕಿನ ಬಳೆ. ಕಠಿಣವಾದ ಗುಂಡು ತಾನು ಚಪ್ಪಟೆಯಾಗದೆ ಕಿರಿದಾದ ಒಂದು ಬಿಂದುವಿನಲ್ಲಿ ಬಳೆಯನ್ನೊತ್ತುವುದರಿಂದ, ಸವೆಯುವ ಭಾರವೆಲ್ಲ ಬಳೆಯ ಪಾಲಿಗೆ ಬರುವುದು. ಗೆರೆ ಬಿದ್ದ ಹಳೆಯ ಬಳೆಗಳ ನಡುವೆ ಹೊಸ ಸೆರಾಮಿಕ್ ಗುಂಡುಗಳನ್ನಿಟ್ಟರೆ ಗರಗರ ಸದ್ದು ನಿಲ್ಲದು. ಹಣ ಮಾತ್ರ ಹೋಗುವುದು. ಇಬ್ಬರು ಕೂಡಿ ನಡೆಸುವ ಕೆಲಸದಲ್ಲಿ ಒಬ್ಬನನ್ನು ಮಾತ್ರ ಬಲಪಡಿಸಿದರೆ ಇನ್ನೊಬ್ಬನು ಬಳಲುವನು.

ಮೂರನೆಯದು, ತುಕ್ಕು ಹಿಡಿಯದಿರುವುದು. ನಮ್ಮ ಕರಾವಳಿಯಲ್ಲಿ ಇದನ್ನು ಲಘುವಾಗಿ ಎಣಿಸಲಾಗದು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಬೇಸಗೆಯ ಗಾಳಿಯೂ ಒಣಗಾಳಿಯಲ್ಲ. ಗುಂಡಿಗೆ ಬಳಸುವ ಸಾಮಾನ್ಯ ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ ಒಂದೂವರೆಯಷ್ಟೆ. ತುಕ್ಕು ನಿವಾರಿಸಲು ಹತ್ತಕ್ಕಿಂತ ಹೆಚ್ಚು ಬೇಕು. ಆದರೂ ಬಳೆಗಳೂ ಸ್ಪ್ರಿಂಗೂ ಉಕ್ಕಿನವೇ ಆಗಿರುವಾಗ, ಗುಂಡುಗಳು ಮಾತ್ರ ತುಕ್ಕಿನಿಂದ ಪಾರಾದರೆ ಶುಚಿ ಮಾಡುವ ಕೆಲಸವು ತಪ್ಪುವುದಿಲ್ಲ.

ಆದುದರಿಂದ ನನ್ನ ನಿರ್ಣಯವು ಹೀಗೆ. ಈ ಹುಡುಗನು ಈಗ ಉಕ್ಕಿನ ಗುಂಡುಗಳನ್ನೇ ಹಾಕಲಿ. ಉಳಿದ ಹಣದಲ್ಲಿ ಹೊಸ ಬಳೆಗಳನ್ನೂ ಒಳ್ಳೆಯ ಒತ್ತುಬೇರಿಂಗನ್ನೂ ಸಿಲಿಕೋನ್ ಗ್ರೀಸನ್ನೂ ಕೊಳ್ಳಲಿ. ನಿಯಮದಿಂದ ಪಂದ್ಯಗಳಲ್ಲಿ ಭಾಗವಹಿಸುವ ಕಾಲ ಬಂದು, ತನ್ನ ಕೈಯಿಂದಲೇ ನಾಲ್ಕು ಸಲ ಬಿಚ್ಚಿ ಜೋಡಿಸಿದ ಅಭ್ಯಾಸವಾದ ಮೇಲೆ, ಸೆರಾಮಿಕ್ ಗುಂಡುಗಳನ್ನು ಹೊಸ ಬಳೆಗಳೊಂದಿಗೆ ಹಾಕಲು ಅಡ್ಡಿಯಿಲ್ಲ. ಆಗ ಆ ನುಣುಪಿನ ಭೇದವು ಅವನ ಬೆರಳಿಗೆ ತಿಳಿಯುವುದು, ಈಗ ತಿಳಿಯದು. ಅಂಗಳದ ಕಲ್ಲುಮಣ್ಣಿನಲ್ಲಿ ಓಡಿಸುವುದೇ ಮುಖ್ಯವಾದರೆ, ಎಣ್ಣೆ ತುಂಬಿದ ಹಲ್ಲುಚಕ್ರದ ಡಿಫರೆನ್ಷಿಯಲ್ ಇವೆರಡಕ್ಕಿಂತಲೂ ಮೇಲು.

ತಂದೆಯವರಿಗೂ ಒಂದು ಮಾತು. ಅವಸರದ ವೆಚ್ಚವನ್ನು ತಡೆದುದು ಸರಿ; ಇದು ಬರಿಯ ಆಟವೆಂದುದು ಸರಿಯಲ್ಲ. ಬಸ್ಸಿನ ಅಚ್ಚಿನೊಳಗಿನ ತತ್ತ್ವವನ್ನೇ ಹುಡುಗನು ಮೇಜಿನ ಮೇಲೆ ಬಿಚ್ಚಿಡುತ್ತಿರುವನು. ಒಂದು ಭಾನುವಾರ ಪಕ್ಕದಲ್ಲಿ ಕುಳಿತು, ಬೀಳುವ ಗುಂಡುಗಳಿಗೆ ಬಿಳಿಯ ತಟ್ಟೆಯನ್ನು ಹಿಡಿದರೆ ಸಾಕು. ಮಾತು ತಾನಾಗಿ ಬರುವುದು.

ಕ್ರಮವು ಕಠಿಣವಲ್ಲ. ಬಿಚ್ಚಿದ ಭಾಗಗಳಿಂದ ಹಳೆಯ ಗ್ರೀಸನ್ನು ಪೂರ್ತಿಯಾಗಿ ಒರಸಬೇಕು. ಹೊಸ ಬಳೆ ಬರುವ ತನಕ ಹಳೆಯದನ್ನು ಮಗುಚಿ, ಗೆರೆಯಿಲ್ಲದ ಮೈಯನ್ನು ಗುಂಡುಗಳ ಕಡೆಗಿಡಬಹುದು. ಗ್ರೀಸು ಕೊಂಚವೇ ಸಾಕು. ಸ್ಕ್ರೂವನ್ನು ಒಮ್ಮೆಗೇ ಬಿಗಿಯದೆ, ಮೊದಲು ಸಡಿಲವಾಗಿ ಕೆಲವು ಸುತ್ತು ಓಡಿಸಿ, ಬಳಿಕ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಎರಡು ಹಿಂಚಕ್ರಗಳನ್ನೂ ಹಿಡಿದು ನಡುವಿನ ಹಲ್ಲುಚಕ್ರವನ್ನು ಹೆಬ್ಬೆರಳಿನಿಂದ ತಳ್ಳಿದಾಗ ಅದು ಸುಲಭವಾಗಿ ಜಾರಬಾರದು. ಜಾರಿದರೆ ಗುಂಡು ಯಾವುದಾದರೂ ಬಳೆಯು ಕೆಡುವುದು. ಮಳೆಗಾಲಕ್ಕೆ ಕಾರನ್ನು ಎತ್ತಿಡುವ ಮುನ್ನ ಸ್ಕ್ರೂವನ್ನು ಸಡಿಲಿಸಿ, ಉಕ್ಕಿನ ಭಾಗಗಳಿಗೆ ತೆಳ್ಳಗೆ ಎಣ್ಣೆ ಸವರಿ, ಬಿಗಿಮುಚ್ಚಳದ ಡಬ್ಬಿಯಲ್ಲಿಡತಕ್ಕದ್ದು. ಮಳೆ ಕಳೆದ ಮೇಲೆ ಆ ಎಣ್ಣೆಯನ್ನು ಒರಸಿ, ಹೊಸದಾಗಿ ಗ್ರೀಸು ಹಚ್ಚಿ ಜೋಡಿಸಿದರೆ ಉಕ್ಕಿನ ಗುಂಡುಗಳೇ ಸೊಗಸಾಗಿ ಉರುಳುವುವು.